ಗುರುತ್ವಾಕರ್ಷಣೆ: ನಿಮ್ಮ ಪ್ರಶ್ನೆ, ರಮಾ ಮೇಡಂ ಉತ್ತರ

ಅಡ್ಮಿನ್: ಡಿಗ್ರಿ ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡೋ ರಮಾ ಮೇಡಂ ಇವತ್ತು ಸಂಜೆ ನಮ್ ಜೊತೆ ಇದಾರೆ. ಡೌಟ್ ಇದ್ರೆ ಇಲ್ಲೇ ಹಾಕಿ.

ಮಂಜು: ನಮಸ್ತೆ ಮೇಡಂ, ಪ್ರತಿಯೊಂದು ವಸ್ತುನೂ ಇನ್ನೊಂದನ್ನ ಎಳೆಯುತ್ತೆ ಅಂತಾರಲ್ಲ, ಪಕ್ಕದಲ್ಲಿ ಕೂತವ್ರೂ ನಮ್ಮನ್ನ ಎಳೀತಾರಾ?

ರಮಾ: ಎಳೀತಾರೆ. 60 ಕೆಜಿಯ ಇಬ್ಬರು 1 ಮೀಟರ್ ದೂರದಲ್ಲಿ ಕೂತ್ರೆ, ಒಂದು ಗ್ರಾಮನ್ನ ಲಕ್ಷ ಪಾಲು ಮಾಡಿ ಎರಡೂವರೆ ಪಾಲು ತಗೊಂಡ್ರೆ ಎಷ್ಟು ತೂಕವೋ ಅಷ್ಟು ಸೆಳೆತ. 1798ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ ಸೀಸದ ಗುಂಡುಗಳ ಮಧ್ಯೆ ಇಂಥ ಸಣ್ಣ ಸೆಳೆತನೇ ಅಳೆದಿದ್ದು.

ಶ್ವೇತಾ: ಸ್ಪೇಸ್ ಸ್ಟೇಷನ್ನಲ್ಲಿ ಗುರುತ್ವ ಇಲ್ವಲ್ಲ?

ರಮಾ: ಇದೆ. 400 ಕಿ.ಮೀ. ಎತ್ತರದಲ್ಲಿ ನೆಲದ ಮೇಲಿನದರ ಸುಮಾರು 90 ಪರ್ಸೆಂಟ್. ಸ್ಟೇಷನ್ನೂ ಒಳಗಿರೋರೂ ಒಟ್ಟಿಗೇ ಬೀಳ್ತಾ ಇರೋದ್ರಿಂದ ತೇಲ್ತಾರೆ.

ಕಿರಣ್: ಮೇಡಂ ನಾನು ಲೆಕ್ಕ ಹಾಕ್ದೆ, ಚಂದ್ರನ್ನ ಭೂಮಿಗಿಂತ ಸೂರ್ಯನೇ ಎರಡು ಪಟ್ಟು ಜೋರಾಗಿ ಎಳೀತಾನೆ. ಮತ್ತೆ ಚಂದ್ರ ಯಾಕೆ ಭೂಮಿ ಬಿಟ್ಟು ಹೋಗಲ್ಲ?

ರಮಾ: ಲೆಕ್ಕ ಸರಿಯಾಗಿದೆ ಕಿರಣ್, ತುಂಬಾ ಖುಷಿ ಆಯ್ತು. ಸೂರ್ಯನ ದ್ರವ್ಯರಾಶಿ ಭೂಮಿದರ 3.33 ಲಕ್ಷ ಪಟ್ಟು, ಚಂದ್ರನಿಂದ ಅವನಿಗಿರೋ ದೂರ ಭೂಮಿಗಿರೋ ದೂರದ ಸುಮಾರು 390 ಪಟ್ಟು, ದೂರದ ವರ್ಗದಿಂದ ಭಾಗಿಸಿದ್ರೆ 2.2 ಬರುತ್ತೆ. ಆದ್ರೆ ಸೂರ್ಯ ಚಂದ್ರನ್ನ ಮಾತ್ರ ಎಳೆಯಲ್ಲ, ಭೂಮಿನೂ ಹೆಚ್ಚುಕಮ್ಮಿ ಅಷ್ಟೇ ವೇಗೋತ್ಕರ್ಷದಲ್ಲಿ (ಅಂದ್ರೆ ವೇಗ ಬದಲಾಗೋ ದರದಲ್ಲಿ) ತನ್ನ ಕಡೆ ಬಾಗಿಸ್ತಾ ಇರ್ತಾನೆ, ಎರಡೂ ಜೊತೆಗೇ ಅವನ ಸುತ್ತ ಹೋಗ್ತವೆ, ಅದಕ್ಕೇ ಇವೆರಡನ್ನ ಬಿಡಿಸೋಕೆ ಲೆಕ್ಕಕ್ಕೆ ಬರೋದು ಆ ಎರಡು ಸೆಳೆತಗಳ ವ್ಯತ್ಯಾಸ ಮಾತ್ರ. ಅದು ಚಂದ್ರನ ಮೇಲೆ ಭೂಮಿಗಿರೋ ಸೆಳೆತದ ನೂರರಲ್ಲೊಂದು ಪಾಲು ಅಷ್ಟೇ. ಭೂಮಿ ಹಿಡಿತ ಸುಮಾರು 15 ಲಕ್ಷ ಕಿ.ಮೀ. ತನಕ ನಡೆಯುತ್ತೆ, ಚಂದ್ರ ಇರೋದು 3.84 ಲಕ್ಷದಲ್ಲಿ. ಸೂರ್ಯನ್ನ ನೋಡೋಕೆ ಕಳಿಸಿರೋ ನಮ್ಮ ಇಸ್ರೋ ನೌಕೆ ಆದಿತ್ಯ-ಎಲ್1 ಇರೋದು ಆ ಅಂಚಲ್ಲೇ. ಇನ್ನೊಂದು, ಸೂರ್ಯನ ಸುತ್ತ ಚಂದ್ರ ಹೋಗೋ ದಾರಿನ ಅಳತೆಗೆ ಸರಿಯಾಗಿ ಗೆರೆ ಹಾಕಿ ನೋಡಿ, ಎಲ್ಲೂ ಸುರುಳಿ ಬರಲ್ಲ, ಅದು ಯಾವಾಗಲೂ ಸೂರ್ಯನ ಕಡೆಗೇ ಬಾಗಿರುತ್ತೆ.

ನವೀನ್: ಸೂರ್ಯನ ಜಾಗಕ್ಕೆ ಅಷ್ಟೇ ದ್ರವ್ಯರಾಶಿಯ ಬ್ಲ್ಯಾಕ್ ಹೋಲ್ ಬಂದ್ರೆ ನಮ್ಮನ್ನ ನುಂಗುತ್ತಾ?

ಬಸವರಾಜ: ಬರೇ ನ್ಯೂಟನ್ ಯಾಕ್ರೀ, 1150ರಾಗ ನಮ್ಮ ವಿಜಯಪುರದ ಭಾಸ್ಕರಾಚಾರ್ಯರು ಭೂಮಿಗೆ ಸೆಳೆಯೋ ಶಕ್ತಿ ಐತಿ ಅಂತ ಸಿದ್ಧಾಂತ ಶಿರೋಮಣಿಯೊಳಗ ಬರದಾರ.

ಸಂದೀಪ್: ಬರೆದಿದಾರೆ ಸರ್, ಒಪ್ತೀನಿ. ದೂರದ ವರ್ಗದ ನಿಯಮ ಪ್ರಕಟ ಆಗಿದ್ದು 1687ರಲ್ಲಿ, ನ್ಯೂಟನ್‌ದು. ಭಾಸ್ಕರಾಚಾರ್ಯರ ಊರು ವಿಜಯಪುರ ಅನ್ನೋದ್ರಲ್ಲೂ ಭಿನ್ನಾಭಿಪ್ರಾಯ ಇದೆ, ಮೊಮ್ಮಗನ ಶಾಸನ ಸಿಕ್ಕಿರೋದು ಮಹಾರಾಷ್ಟ್ರದ ಚಾಳೀಸಗಾಂವ್ ಹತ್ರ.

ಬಸವರಾಜ: ಮೊಮ್ಮಗ ಎಲ್ಲಿದ್ರ ಅಜ್ಜನ ಊರು ಬದಲಾಗತದೇನ್ರೀ? ನಮ್ಮೂರಿನ ಸುದ್ದಿಗೆ ಬರಬ್ಯಾಡ್ರಿ.

ಲತಾ: ಮೇಡಂ ಸ್ಪೇಸ್‌ನಲ್ಲಿ ಗುರುತ್ವ ಸೊನ್ನೆ ತಾನೆ?

ರಮಾ: ಮೇಲೆ ಬರ್ದಿದೀನಿ.

ರಾಘು: ಫಾರ್ವರ್ಡ್ ಬಂದಿದೆ ಮೇಡಂ. ಗ್ರಹಣದ ದಿನ ಗುರುತ್ವ 7 ಸೆಕೆಂಡ್ ನಿಂತ್ಹೋಗುತ್ತಂತೆ, ಸೊಂಟಕ್ಕೆ ಕಲ್ಲುಪ್ಪಿನ ಗಂಟು ಕಟ್ಕೋಬೇಕಂತೆ, ಬಿಪಿ ಮಾತ್ರೆ ತಗೋಬಾರ್ದಂತೆ. ಅಮ್ಮ ಈಗ್ಲೇ ಮಾತ್ರೆ ಬಿಟ್ಟಿದಾರೆ.

ರಮಾ: ಮೊದ್ಲು ಮಾತ್ರೆ ವಿಷಯ. ಎಷ್ಟು ದಿನದಿಂದ ಬಿಟ್ಟಿದಾರೆ? ಈಗ್ಲೇ ಅವರ ಡಾಕ್ಟರಿಗೆ ಫೋನ್ ಮಾಡಿ, ನಾಳೆ ಅನ್ಬೇಡಿ. ಗುರುತ್ವ ನಿಲ್ಲಬೇಕಂದ್ರೆ ಭೂಮಿಯ ದ್ರವ್ಯರಾಶಿನೇ ಮಾಯ ಆಗ್ಬೇಕು. ಸೂರ್ಯಗ್ರಹಣದಲ್ಲಿ ಸೂರ್ಯ ಚಂದ್ರ ಒಂದೇ ಕಡೆ ಇರ್ತಾರೆ, ಅದು ಪ್ರತಿ ಅಮಾವಾಸ್ಯೆಗೂ ಇರೋದೇ. ಇಂಥದ್ದನ್ನ ದಯವಿಟ್ಟು ಯಾರೂ ಮುಂದಕ್ಕೆ ಕಳಿಸ್ಬೇಡಿ.

ಗಿರಿಜಾ: ಆದ್ರೆ ಗ್ರಹಣದಲ್ಲಿ ತಟ್ಟೆ ನೀರಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತಲ್ಲ, ಕಣ್ಣಾರೆ ನೋಡಿದೀನಿ.

ರಮಾ: ತುದಿಯ ಕಬ್ಬಿಣದ ಬಳೆ ಸಮತಟ್ಟಾಗಿದ್ರೆ ಯಾವ ದಿನ ಬೇಕಾದ್ರೂ ನಿಲ್ಲುತ್ತೆ. ಇವತ್ತೇ ನಿಲ್ಸಿ ನೋಡಿ.

ಗಿರಿಜಾ: ನಮ್ಮ ಹಿರಿಯರೇನು ದಡ್ಡರಾ?

ಬಸವರಾಜ: ಅದನ್ನ ನಾನೂ ಕೇಳೋದು.

ಸಂದೀಪ್: ಯಾರು ಸರ್ ದಡ್ಡರು ಅಂದಿದ್ದು? ಮೇಲೆ ಓದಿ ಮಾತಾಡಿ.

ಅಡ್ಮಿನ್: ಇನ್ನು ಜಗಳ ಆಡಿದ್ರೆ ಕಮೆಂಟ್ ಕ್ಲೋಸ್ ಮಾಡ್ತೀನಿ.

ರಮಾ: ರಾಘು, ಡಾಕ್ಟರ್ ಸಿಕ್ಕಿದ್ರಾ?