ಹೊಸ 5ಜಿ ಫೋನ್: ಅಂಗಳದಲ್ಲಿ ಎರಡು ಕಡ್ಡಿ, ನಡುಮನೆಯಲ್ಲಿ ಕಾಲ್ ಕಟ್. ವಾಪಸ್ ಕೊಡೋದಾ, ಸಿಮ್ ಬದಲಿಸೋದಾ?

ತೋಟದಮನೆ (ಹೊಸನಗರ ತಾಲೂಕು) ಕೇಳಿದ್ದು:

ಫೋನ್ ಬಂದು ಮೂರು ದಿನ. ಆಂಡ್ರಾಯ್ಡ್, 5ಜಿ, ಎರಡು ಸಿಮ್, 18 ಸಾವಿರದ ಆಸುಪಾಸು. ಆನ್‌ಲೈನ್‌ನಲ್ಲಿ ತಗೊಂಡಿದ್ದು, ಬದಲಿ ಕೇಳೋಕೆ 7 ದಿನದ ಗಡುವು, ಅದರಲ್ಲಿ ನಾಲ್ಕು ಉಳಿದಿದೆ. ಫೋನಿನ ಕಂಪನಿ, ಸಿಮ್ಮಿನ ಕಂಪನಿ ಎರಡರ ಹೆಸರೂ ಇಲ್ಲಿ ಬೇಡ.

ಅಂಗಳದಲ್ಲಿ 5ಜಿ ಅಂತ ಎರಡು ಕಡ್ಡಿ ತೋರಿಸುತ್ತೆ. ಜಗಲಿ ದಾಟಿ ನಡುಮನೆಗೆ ಬಂದ್ರೆ ಮಾತು ಕಟ್. ಹೊರಗಿಂದ ಕರೆ ಮಾಡಿದವರಿಗೆ ಎಷ್ಟೋ ಸಲ ‘ಸಂಪರ್ಕ ವ್ಯಾಪ್ತಿಯ ಹೊರಗಿದ್ದಾರೆ’ ಅಂತ ಬರುತ್ತೆ. ಇದೇ ಸಿಮ್ ಹಳೇ 4ಜಿ ಫೋನಲ್ಲಿ ಒಂದೇ ಕಡ್ಡಿ ಇದ್ರೂ ಮಾತಿಗೆ ತೊಂದರೆ ಇರಲಿಲ್ಲ. ಬ್ಯಾಟರಿ ಬೆಳಿಗ್ಗೆ 100 ಇದ್ದದ್ದು ಸಂಜೆಗೆ 30.

ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು, ಅಂಗಳದ ಅರ್ಧಕ್ಕೆ ತಗಡಿನ ಶೀಟ್. ಟವರ್ ಸುಮಾರು 3 ಕಿ.ಮೀ. ದೂರ, ನಡುವೆ ಅಡಿಕೆ ತೋಟ. ಮನೆಗೆ ಫೈಬರ್ ಇಂಟರ್ನೆಟ್ ಇದೆ. ತಪ್ಪು ಫೋನಿನದಾ, ನೆಟ್‌ವರ್ಕಿನದಾ ಅಂತ ನಾಲ್ಕು ದಿನದೊಳಗೆ ತಿಳಿಯೋದು ಹೇಗೆ?

---

ಬ್ಯಾಂಡ್ಇಪ್ಪತ್ತೆಂಟು:

ಮೊದಲು ಕಡ್ಡಿ ಎಣಿಸೋದು ಬಿಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅನ್ನೋದನ್ನ ಒಂದೊಂದು ಫೋನ್ ಕಂಪನಿ ಒಂದೊಂದು ಥರ ಇಟ್ಟುಕೊಂಡಿದೆ. ಒಂದು ಫೋನಿನ ಒಂದು ಕಡ್ಡಿ ಇನ್ನೊಂದರ ಮೂರು ಕಡ್ಡಿಗೆ ಸಮ ಇರಬಹುದು. ನೋಡಬೇಕಾದ್ದು ಡಿಬಿಎಂ, ಅಂದ್ರೆ ಸಿಗ್ನಲ್ ಬಲದ ಅಂಕಿ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ ‘ಸಿಮ್ ಸ್ಟೇಟಸ್’ ಅಂತ ಇರುತ್ತೆ, ಅಲ್ಲಿ ‘ಸಿಗ್ನಲ್ ಸ್ಟ್ರೆಂತ್’ ನೋಡಿ. ಸಿಗದಿದ್ರೆ ಡಯಲರ್‌ನಲ್ಲಿ *#*#4636#*#* ಒತ್ತಿ. ಸ್ಯಾಮ್‌ಸಂಗ್ ಆದ್ರೆ *#0011#, ಐಫೋನ್ ಆದ್ರೆ *3001#12345#* ಒತ್ತಿ ಕಾಲ್ ಬಟನ್.

ಅಂಕಿ ಋಣದಲ್ಲಿ ಇರುತ್ತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. 4ಜಿ ಲೆಕ್ಕದಲ್ಲಿ -90 ತನಕ ಚೆನ್ನಾಗಿದೆ, -105ರವರೆಗೆ ಪರವಾಗಿಲ್ಲ, -115 ಅಂದ್ರೆ ಅಂಚು, -120 ದಾಟಿದ್ರೆ ಮಾತು ಒಡೆಯುತ್ತೆ.

ಪರೀಕ್ಷೆ ಹೀಗೆ ಮಾಡಿ: ಅದೇ ಸಿಮ್, ಅದೇ ಜಾಗ, ಒಂದಾದ ಮೇಲೊಂದು ಎರಡೂ ಫೋನ್. ಅಂಗಳ, ಜಗಲಿ, ನಡುಮನೆ, ಮೂರು ಕಡೆ. ಪ್ರತಿ ಕಡೆ ಎರಡು ನಿಮಿಷ ಮೇಜಿನ ಮೇಲಿಟ್ಟು ಬರೆದುಕೊಳ್ಳಿ, ಕೈಯಲ್ಲಿ ಹಿಡಿದ್ರೆ ಅಂಕಿ ಕುಣಿಯುತ್ತೆ. ಹೊಸ ಫೋನಲ್ಲಿ ಇದನ್ನೇ ಎರಡು ಸಲ ಮಾಡಿ, ಒಮ್ಮೆ 5ಜಿ ಆನ್ ಇಟ್ಟು, ಒಮ್ಮೆ 4ಜಿಗೆ ಮಾತ್ರ ಇಳಿಸಿ. ಎರಡೂ ಫೋನಿಗೆ ನೆಟ್‌ಮಾನ್‌ಸ್ಟರ್ ಆ್ಯಪ್ ಹಾಕಿಕೊಂಡ್ರೆ ಯಾವ ಬ್ಯಾಂಡ್ (ಫ್ರೀಕ್ವೆನ್ಸಿ) ಅನ್ನೋದೂ ಗೊತ್ತಾಗುತ್ತೆ. ಅದು ಮುಖ್ಯ. ಹಳೇದು 850 ಮೆಗಾಹರ್ಟ್ಸ್ ಬ್ಯಾಂಡಲ್ಲಿ, ಹೊಸದು 2300ರಲ್ಲಿ ನಿಂತಿದ್ರೆ ಆ ಎರಡನ್ನ ಹೋಲಿಸೋದ್ರಲ್ಲಿ ಅರ್ಥ ಇಲ್ಲ. ಬಯಲಲ್ಲೇ 850ಕ್ಕೂ 2300ಕ್ಕೂ ಸುಮಾರು 9 ಡಿಬಿ ವ್ಯತ್ಯಾಸ. 850ಕ್ಕೂ 5ಜಿಯ 3500ಕ್ಕೂ 12 ಡಿಬಿ, ಅಂದ್ರೆ ಶಕ್ತಿಯಲ್ಲಿ ಹದಿನಾರು ಪಾಲು. ಅದರ ಮೇಲೆ ಗೋಡೆ, ತೋಟ. ಒದ್ದೆ ಎಲೆ ಹೆಚ್ಚಿನ ಫ್ರೀಕ್ವೆನ್ಸಿಯನ್ನ ಇನ್ನೂ ಜಾಸ್ತಿ ನುಂಗುತ್ತೆ, ಹಾಗಾಗಿ ಬೇಸಿಗೆಯ ಅಳತೆ ಮಳೆಗಾಲಕ್ಕೆ ನಡೆಯಲ್ಲ. ತಗಡಿನ ಶೀಟಿನ ಕೆಳಗೆ ನಿಂತು ಅಳೀಬೇಡಿ.

---

ಧಾರವಾಡದಾಂವ:

ಮ್ಯಾಲಿನವರು ಹೇಳಿದ್ದು ಖರೇ. ಅದಕ್ಕೂ ಮೊದ್ಲ ಇವಿಷ್ಟು ನೋಡ್ರಿ.

ಕಾಲ್ ಮಾಡುವಾಗ ಮ್ಯಾಲೆ ಏನ್ ಚಿಹ್ನೆ ಬರ್ತದ? 4ಜಿ ಇದ್ದದ್ದು ‘ಇ’ ಅಥವಾ 2ಜಿ ಆಗಿ, ಮಾತು ಮುಗಿಯೂತನಕ ನೆಟ್ ನಿಂತ್ರ, ನಿಮ್ಮ ಫೋನಿನ್ಯಾಗ ವೋಲ್ಟಿ (4ಜಿ ಮ್ಯಾಲೇ ಕಾಲ್ ಹೋಗೂದು) ಆಫ್ ಐತಿ ಅಂತ ಅರ್ಥ. ಏರ್‌ಟೆಲ್, ವಿ ಸಿಮ್ ಇದ್ರ ಹಂಗ 2ಜಿಗೆ ಇಳೀತದ. ಜಿಯೋಕ್ಕ 2ಜಿನೂ ಇಲ್ಲ, 3ಜಿನೂ ಇಲ್ಲ, ಅಲ್ಲಿ ವೋಲ್ಟಿ ಇಲ್ಲಂದ್ರ ಕಾಲೇ ಹೋಗೂದಿಲ್ಲ. ಸಿಮ್ ಸೆಟ್ಟಿಂಗ್ಸ್‌ನ್ಯಾಗ ವೋಲ್ಟಿ ಅಥವಾ ‘4ಜಿ ಕಾಲಿಂಗ್’ ಸ್ವಿಚ್ ಇರ್ತದ, ಎರಡೂ ಸಿಮ್ಮಿಗೆ ಬ್ಯಾರೆ ಬ್ಯಾರೆ. ಒಂದಕ್ಕ ಹಚ್ಚಿ ಇನ್ನೊಂದು ಮರೀತಾರ ಮಂದಿ.

ಎರಡನೇದು ಸಿಮ್ ಕಾರ್ಡ್. ಹಿಂದ ದೊಡ್ಡ ಸಿಮ್ ಇದ್ದದ್ದನ್ನ ಕಟರ್‌ನ್ಯಾಗ ಕತ್ತರಿಸಿ ನ್ಯಾನೋ ಮಾಡಿದ್ದಿದ್ರ ಬದಲಿ ಮಾಡಸ್ರಿ. ಟ್ರೇನ್ಯಾಗ ಕೂದಲೆಳೆ ಅಲುಗಾಡಿದ್ರೂ ನೆಟ್‌ವರ್ಕ್ ಬಿಟ್ಟು ಬಿಟ್ಟು ಬರ್ತದ. ಆದ್ರ ಸಿಮ್ ಬದಲಿ ಆದಮ್ಯಾಲೆ 24 ತಾಸು ಎಸ್ಸೆಮ್ಮೆಸ್ ಬಂದ್ ಇರ್ತದ, ಬ್ಯಾಂಕ್ ಓಟಿಪಿ ಬರೂದಿಲ್ಲ. ತುರ್ತು ಕೆಲಸ ಇದ್ದ ದಿನ ಮಾಡಬ್ಯಾಡ್ರಿ. ಬರೇ 5ಜಿ ಸಲುವಾಗಿ ಹೊಸ ಸಿಮ್ ಬೇಕಂತ ಯಾರರ ಅಂದ್ರ ನಂಬಬ್ಯಾಡ್ರಿ, ಜಿಯೋ, ಏರ್‌ಟೆಲ್‌ದ ಈಗಿನ 4ಜಿ ಸಿಮ್ಮೇ ನಡೀತದ.

ಮೂರನೇದಕ್ಕ ನಗಬ್ಯಾಡ್ರಿ: ಕವರ್. ಕಾರಿನ ಅಯಸ್ಕಾಂತದ ಸ್ಟ್ಯಾಂಡಿಗೆ ಅಂತ ಫೋನಿನ ಹಿಂದ ಕಬ್ಬಿಣದ ಬಿಲ್ಲೆ ಹಚ್ಚಿರ್ತೀರಿ, ಅದು ಆಂಟೆನಾ ಮ್ಯಾಲೇ ಕೂತಿರ್ತದ. ಕವರ್ ತಗದು ಒಮ್ಮೆ ಅಳೀರಿ.

---

ಕುಡ್ಲದ ಹುಡುಗ:

ಮನೆಗೆ ಫೈಬರ್ ಉಂಟು ಅಂತೀರಲ್ಲ, ಹಾಗಾದ್ರೆ ಈ ತಲೆಬಿಸಿ ಯಾಕೆ ಮಾರಾಯ್ರೆ? ವೈಫೈ ಕಾಲಿಂಗ್ ಆನ್ ಮಾಡಿ. ಸಿಮ್ ಸೆಟ್ಟಿಂಗ್ಸ್‌ನಲ್ಲೇ ವೋಲ್ಟಿ ಕೆಳಗೆ ಇರ್ತದೆ. ಬೇರೆ ಆ್ಯಪ್ ಬೇಡ, ಅದೇ ನಂಬರ್, ಅದೇ ಡಯಲರ್, ಹೆಚ್ಚಿನ ದುಡ್ಡಿಲ್ಲ. ಕರೆ ಟವರಿನ ಬದಲು ನಿಮ್ಮ ಫೈಬರ್ ಮೇಲೆ ಹೋಗ್ತದೆ, ಅಷ್ಟೇ. ಆನ್ ಆದ್ಮೇಲೆ ಕಡ್ಡಿ ಪಕ್ಕ ವೈಫೈ ಕಾಲಿಂಗ್ ಗುರುತು ಬರಬೇಕು.

ಬರದಿದ್ರೆ ರೂಟರ್ ನೋಡಿ. ಈ ಕರೆ ಐಪಿಸೆಕ್ ಅನ್ನುವ ಗೂಢಲಿಪಿ ಸುರಂಗದಲ್ಲಿ ಹೋಗುವುದು, ಅದಕ್ಕೆ ಯುಡಿಪಿ 500 ಮತ್ತು 4500 ಪೋರ್ಟ್ ತೆರೆದಿರಬೇಕು. ರೂಟರ್ ಸೆಟ್ಟಿಂಗಲ್ಲಿ ‘ಐಪಿಸೆಕ್ ಪಾಸ್‌ಥ್ರೂ’ ಆಫ್ ಇದ್ರೆ ಆನ್ ಮಾಡಿ. ಫೋನಲ್ಲಿ ವಿಪಿಎನ್ ಇದ್ರೆ ತೆಗೀರಿ. ಗೋಡೆ ದಪ್ಪ ಇರುವಲ್ಲಿ 5 ಗಿಗಾಹರ್ಟ್ಸ್ ವೈಫೈ ಬೇಡ, 2.4 ಸಾಕು. ಮಾತಿಗೆ ವೇಗ ಬೇಡವಲ್ಲ. ಆಯ್ಕೆ ಕೇಳಿದ್ರೆ ‘ವೈಫೈ ಪ್ರಿಫರ್ಡ್’ ಇಡಿ, ‘ಮೊಬೈಲ್ ಪ್ರಿಫರ್ಡ್’ ಇಟ್ರೆ ಸತ್ತ ಸಿಗ್ನಲನ್ನೇ ಹಿಡ್ಕೊಂಡು ಕೂರ್ತದೆ.

---

ಮೆತ್ತಿನಮೇಲೆ:

ಆನ್‌ಲೈನಲ್ಲಿ ಮೂರ್ನಾಲ್ಕು ಸಾವಿರಕ್ಕೆ ಸಿಗ್ನಲ್ ಬೂಸ್ಟರ್ ಸಿಗುತ್ತಲ್ಲ, ಮಾಡಿನ ಮೇಲೆ ಆಂಟೆನಾ ಕಟ್ಟಿದ್ರೆ ಆಗಲ್ವಾ?

---

ಬ್ಯಾಂಡ್ಇಪ್ಪತ್ತೆಂಟು:

ಬೇಡ. ಪರವಾನಗಿ ಇಲ್ಲದೆ ಬೂಸ್ಟರ್, ರಿಪೀಟರ್ ಇಡೋದು ಕಾನೂನುಬಾಹಿರ, ಉಪಕರಣ ಜಪ್ತಿ ಮಾಡ್ತಾರೆ. ಕಾನೂನು ಬದಿಗಿಟ್ರೂ, ಅಗ್ಗದ ಬೂಸ್ಟರ್ ಸಿಗ್ನಲ್ ಜೊತೆ ಗದ್ದಲವನ್ನೂ ಹಿಗ್ಗಿಸಿ ಟವರಿಗೆ ವಾಪಸ್ ಕಳಿಸುತ್ತೆ. ನಿಮ್ಮ ಮನೆಗೆ ಕಡ್ಡಿ ತುಂಬುತ್ತೆ, ಊರಿನವರ ಕಾಲ್ ಎಲ್ಲಾ ಕೆಡುತ್ತೆ.

---

ತೋಟದಮನೆ:

ಅಳೆದೆ. ಕವರ್ ತೆಗೆದು, ಮೇಜಿನ ಮೇಲಿಟ್ಟು.

ಹಳೇ ಫೋನ್, 4ಜಿ: ಅಂಗಳ -101, ಜಗಲಿ -106, ನಡುಮನೆ -113.
ಹೊಸದು, 5ಜಿ ಆನ್: ಅಂಗಳ -108, ಜಗಲಿ -116, ನಡುಮನೆ -122, ಅಲ್ಲಿ 5ಜಿ–4ಜಿ ಅಂತ ಹಾರ್ತಾ ಇರುತ್ತೆ.
ಹೊಸದು, 4ಜಿ ಮಾತ್ರ: ಅಂಗಳ -103, ಜಗಲಿ -107, ನಡುಮನೆ -114.

4ಜಿಯಲ್ಲಿ ಎರಡೂ ಫೋನ್ ಒಂದೇ ಬ್ಯಾಂಡ್. ವೋಲ್ಟಿ ಆನ್ ಇತ್ತು. ವೈಫೈ ಕಾಲಿಂಗ್ ಆಫ್ ಇತ್ತು.

---

ಬ್ಯಾಂಡ್ಇಪ್ಪತ್ತೆಂಟು:

ಫೋನ್ ವಾಪಸ್ ಕೊಡಬೇಡಿ. ಒಂದೇ ಬ್ಯಾಂಡಿನಲ್ಲಿ ಹಳೇದಕ್ಕೂ ಹೊಸದಕ್ಕೂ ಒಂದೆರಡು ಡಿಬಿ ವ್ಯತ್ಯಾಸ, ಅದು ಅಳತೆಯ ಅಲುಗಾಟ. ಮೂರೂ ಕಡೆ ಹತ್ತು ಡಿಬಿ ಕಮ್ಮಿ ಬಂದಿದ್ರೆ ಆಂಟೆನಾ ಮೇಲೆ ಅನುಮಾನ ಪಡಬಹುದಿತ್ತು.

ಕೆಡಿಸ್ತಾ ಇರೋದು ಆ ಹಾರಾಟ. 5ಜಿ ಎರಡು ಬಗೆ. ಏರ್‌ಟೆಲ್ ಶುರು ಮಾಡಿದ್ದು 4ಜಿಯ ಹೆಗಲ ಮೇಲೆ ಕೂರುವ ಎನ್‌ಎಸ್‌ಎ. ಅಲ್ಲಿ ಫೋನಿನ ಬೇರು 4ಜಿಯಲ್ಲೇ ಇರುತ್ತೆ, ಕರೆ ವೋಲ್ಟಿಯಲ್ಲೇ ಹೋಗುತ್ತೆ. ಜಿಯೋದ್ದು ಸ್ವತಂತ್ರ ಎಸ್‌ಎ, ಅದು 700 ಮತ್ತು 3500 ಎರಡರಲ್ಲೂ ಇದೆ. ಎಸ್‌ಎ ಬಗೆಯ ಯಾವ ಜಾಲದಲ್ಲೇ ಆಗಲಿ, ಕರೆ ಬಂದಾಗ ಒಂದೋ 5ಜಿಯಲ್ಲೇ ಮಾತು ನಡೀಬೇಕು, ಇಲ್ಲಾ ಫೋನ್ ಆ ಗಳಿಗೆಯಲ್ಲಿ 4ಜಿಗೆ ಇಳೀಬೇಕು. ಸಿಗ್ನಲ್ ಗಟ್ಟಿ ಇರುವಲ್ಲಿ ಈ ಇಳಿಯೋದು ಗೊತ್ತೇ ಆಗಲ್ಲ. -122ರಲ್ಲಿ ಇಳಿಯೋ ಹೊತ್ತಿಗೆ ಗಡುವು ಮೀರಿ ‘ವ್ಯಾಪ್ತಿಯ ಹೊರಗೆ’ ಆಗುತ್ತೆ. ನಿಮ್ಮ ಸಿಮ್ ಯಾವುದೇ ಇರಲಿ, ಅಂಚಿನಲ್ಲಿ ಅತ್ತಿತ್ತ ಹಾರೋದು ಬ್ಯಾಟರಿಯನ್ನೂ ತಿನ್ನುತ್ತೆ: ಸಿಗ್ನಲ್ ಕ್ಷೀಣ ಇದ್ದಷ್ಟೂ ಫೋನ್ ಟವರಿಗೆ ಜೋರಾಗಿ ಕೂಗಬೇಕು.

ಹಾಗಾಗಿ ಮನೆಯಲ್ಲಿ ಇರುವಾಗ ‘ಪ್ರಿಫರ್ಡ್ ನೆಟ್‌ವರ್ಕ್ ಟೈಪ್’ 4ಜಿಗೆ ಇಡಿ, ವೈಫೈ ಕಾಲಿಂಗ್ ಆನ್ ಮಾಡಿ. ಪೇಟೆಗೆ ಹೋದಾಗ 5ಜಿ ಹಾಕಿಕೊಳ್ಳಿ. ಇದನ್ನ ಸೆಟ್ಟಿಂಗ್ಸ್‌ನಿಂದಲೇ ಮಾಡಿ. 4636 ಮೆನುವಿನಲ್ಲಿ ‘ಎನ್‌ಆರ್ ಓನ್ಲಿ’ (ಬರೀ 5ಜಿ) ಆರಿಸುವ, ‘ಫೋರ್ಸ್ 5ಜಿ’ ಅನ್ನೋ ಆ್ಯಪ್ ಹಾಕುವ ಸಲಹೆ ವಿಡಿಯೋಗಳಲ್ಲಿ ತುಂಬ ಇದೆ. ಎನ್‌ಎಸ್‌ಎ ಜಾಲದಲ್ಲಿ ಹಾಗೆ ಮಾಡಿದ್ರೆ 4ಜಿಯ ಬೇರನ್ನೇ ಕತ್ತರಿಸಿದ ಹಾಗೆ, ನೆಟ್‌ವರ್ಕೇ ಸಿಗಲ್ಲ.

ಎರಡನೇ ಸಿಮ್ ಜಾಗಕ್ಕೆ ಬಿಎಸ್‌ಎನ್‌ಎಲ್ ಹಾಕುವ ಯೋಚನೆ ಇದ್ರೆ ಒಂದು ಮಾತು: ಅದರ 4ಜಿ 700 ಮತ್ತು 2100ರಲ್ಲಿದೆ. ಫೋನಿನ ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ 4ಜಿ ಸಾಲಿನಲ್ಲಿ ಬ್ಯಾಂಡ್ 28 (ಅದೇ 700) ಇದೆಯಾ ನೋಡಿ. 5ಜಿ ಸಾಲಿನ ಎನ್28 ಇದ್ದ ಮಾತ್ರಕ್ಕೆ 4ಜಿಯ 28 ಇದೆ ಅಂತಲ್ಲ. ಅದಿಲ್ಲದ ಫೋನಿಗೆ 700ರ ಟವರ್ ಪಕ್ಕದಲ್ಲೇ ಇದ್ರೂ ಕಾಣಲ್ಲ.

---

ಸರ್ವಿಸ್ ಟೇಬಲ್:

ವಾಪಸ್ ಕೊಡದಿದ್ರೂ ಗಡುವಿನೊಳಗೆ ಎರಡು ಕೆಲಸ ಮುಗಿಸಿ. *#06# ಒತ್ತಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ನೋಡಿ, ಡಬ್ಬಿ ಮೇಲಿನದಕ್ಕೂ ಬಿಲ್ಲಿನದಕ್ಕೂ ತಾಳೆ ಆಗಬೇಕು. ಆಮೇಲೆ ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಮಾಡೆಲ್ ಹೆಸರು ವಾಪಸ್ ಬರುತ್ತೆ. ಬೇರೆ ಮಾಡೆಲ್ ಬಂದ್ರೆ, ಬ್ಲ್ಯಾಕ್‌ಲಿಸ್ಟ್ ಅಂತ ಬಂದ್ರೆ ಆ ದಿನವೇ ವಾಪಸ್.

ಮುಂದೆ ಯಾವತ್ತಾದ್ರೂ ಸರ್ವಿಸ್ ಸೆಂಟರಿಗೆ ಹೋದ್ರೆ ಜಾಬ್‌ಶೀಟ್ ಇಲ್ಲದೆ ಫೋನ್ ಕೊಡಬೇಡಿ. ಅದರಲ್ಲಿ ‘ಸಾಫ್ಟ್‌ವೇರ್ ಅಪ್‌ಡೇಟ್’ ಅಂತ ಬರೆದು ಸಾಗಹಾಕ್ತಾರೆ. ದೂರು ಏನೋ ಅದೇ ಬರೆಸಿ: ಒಂದೇ ಸಿಮ್, ಒಂದೇ ಬ್ಯಾಂಡ್, ಇಷ್ಟು ಡಿಬಿ ಕಮ್ಮಿ. ಬಗೆಹರಿಯದಿದ್ರೆ ಗ್ರಾಹಕ ಸಹಾಯವಾಣಿ 1915.

ನೆಟ್‌ವರ್ಕ್ ದೂರು 198ಕ್ಕೆ, ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. 121 ಮಾಹಿತಿಗೆ. ‘ರೇಂಜ್ ಬರಲ್ಲ’ ಅಂತ ಮಾತ್ರ ಹೇಳಿದ್ರೆ ಫೋನ್ ರೀಸ್ಟಾರ್ಟ್ ಮಾಡಿ ಅಂತಾರೆ. ಪಿನ್‌ಕೋಡ್, ಜಾಗದ ಅಕ್ಷಾಂಶ-ರೇಖಾಂಶ, ಯಾವ ಹೊತ್ತು, ಎಷ್ಟು ಡಿಬಿಎಂ, ಸೆಲ್ ಐಡಿ (ಟವರಿನ ಗುರುತಿನ ಸಂಖ್ಯೆ), ಇಷ್ಟು ಕೊಟ್ರೆ ದೂರು ಕಾಲ್‌ಸೆಂಟರ್ ದಾಟಿ ತಾಂತ್ರಿಕ ವಿಭಾಗದ ಕೈ ಸೇರೋ ಸಾಧ್ಯತೆ ಹೆಚ್ಚು. ಉತ್ತರ ಹಿಡಿಸದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಅರ್ಜಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಬರೆದು ಕಾಯಬೇಡಿ, ಅದು ಒಬ್ಬೊಬ್ಬ ಗ್ರಾಹಕರ ದೂರು ತೀರ್ಮಾನಿಸಲ್ಲ.

ಪೋರ್ಟ್ ಮಾಡೋದಿದ್ರೆ (ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸೋದಿದ್ರೆ), ಮೊದಲು ನೆಂಟರದ್ದೋ ಪಕ್ಕದ ಮನೆಯವರದ್ದೋ ಆ ಕಂಪನಿ ಸಿಮ್ ತಂದು ನಿಮ್ಮ ನಡುಮನೆಯಲ್ಲಿ ಅಳೆಯಿರಿ. ಆಮೇಲೆ ಪೋರ್ಟ್ ಅಂತ ಇಂಗ್ಲಿಷಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಿ. ಬರೋ ಕೋಡ್ ಕರ್ನಾಟಕದಲ್ಲಿ 4 ದಿನ ಚಾಲ್ತಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಧಾರವಾಡದವರು ಹೇಳಿದಂತೆ ಸಿಮ್ ಬದಲಿ ಮಾಡಿಸಿದ್ರೆ 7 ದಿನ ಈ ಕೋಡ್ ಸಿಗಲ್ಲ, 2024ರ ಜುಲೈನಿಂದ ಹಾಗೆ. ಉಳಿದಿರೋ ರೀಚಾರ್ಜ್ ಹೊಸ ಕಂಪನಿಗೆ ಬರಲ್ಲ, ಪ್ಯಾಕ್ ಮುಗಿಯೋ ಹೊತ್ತಿಗೆ ಮಾಡಿ.

---

ತೋಟದಮನೆ:

4ಜಿಗೆ ಇಟ್ಟು ವೈಫೈ ಕಾಲಿಂಗ್ ಹಾಕಿದೆ. ನಡುಮನೆ, ಅಡುಗೆಮನೆ ಎರಡೂ ಕಡೆ ಮಾತು ಸರಿ ಇದೆ. ಮಾತಾಡ್ತಾ ಅಂಗಳಕ್ಕೆ ಇಳಿದ್ರೆ ಒಮ್ಮೊಮ್ಮೆ ಕಟ್ ಆಗುತ್ತೆ. ಇನ್ನೊಂದು, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ರೂಟರ್ ಸಾಯುತ್ತಲ್ಲ?

---

ಕುಡ್ಲದ ಹುಡುಗ:

ಅಂಗಳಕ್ಕೆ ಇಳಿಯುವಾಗ ಕರೆ ವೈಫೈಯಿಂದ 4ಜಿಗೆ ದಾಟಬೇಕು. ದಾಟುವ ಜಾಗದಲ್ಲಿ 4ಜಿ ಒಳ್ಳೇದಿರಬೇಕು. ನಿಮ್ಮ ವೈಫೈ ಅಂಗಳದ ತಗಡಿನ ಕೆಳಗೇ ಮುಗಿಯುತ್ತಿರಬಹುದು. ರೂಟರನ್ನ ಜಗಲಿ ಕಡೆ ಗೋಡೆಗೆ ಸರಿಸಿ, ಆಗ ನೀವು ತಗಡು ದಾಟಿದ ಮೇಲೆ ಕರೆ 4ಜಿಗೆ ದಾಟ್ತದೆ.

ಕರೆಂಟಿಗೆ ರೂಟರ್‌ನ ಮಿನಿ ಯುಪಿಎಸ್ ಸಿಗ್ತದೆ. ಅಡಾಪ್ಟರ್ ಮೇಲೆ ಬರೆದದ್ದು ಓದಿಯೇ ತಗೊಳ್ಳಿ. ಸಾಮಾನ್ಯವಾಗಿ 12 ವೋಲ್ಟ್, 1ರಿಂದ 2 ಆಂಪಿಯರ್. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಜಾಸ್ತಿಯೋ ಇರಬಹುದು. 9 ವೋಲ್ಟಿನ ರೂಟರಿಗೆ 12 ಚುಚ್ಚಿದ್ರೆ ಸುಡ್ತದೆ. ಫೈಬರ್ ಡಬ್ಬಿ ಮತ್ತು ರೂಟರ್ ಬೇರೆ ಬೇರೆ ಇದ್ರೆ ಎರಡು ಪಿನ್ ಇರುವಂಥದ್ದು ಬೇಕು, ಆಂಪಿಯರ್ ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ಮತ್ತೆ, ದಿನಗಟ್ಟಲೆ ಕರೆಂಟ್ ಇಲ್ಲದಾಗ ಟವರಿನ ಬ್ಯಾಟರಿಯೂ ಖಾಲಿಯಾಗ್ತದೆ, ಡೀಸೆಲ್ ಬಂದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಆಗ ಫೈಬರ್ ಕಡಿಯದೆ ಉಳಿದಿದ್ರೆ ನಿಮ್ಮ ಮನೆಯಲ್ಲಿ ಮಾತ್ರ ಫೋನ್ ರಿಂಗಾಗ್ತದೆ. ಪಕ್ಕದ ಮನೆಯವರು ಮಾತಾಡೋಕೆ ನಿಮ್ಮ ಜಗಲಿಗೇ ಬರ್ತಾರೆ, ವೈಫೈ ಪಾಸ್‌ವರ್ಡ್ ಬರೆದಿಟ್ಟಿರಿ.