ಹಳೆ ವಾಚಿನ ‘ಪ್ಯಾಟಿನಾ’: ಮಾಗಿದ್ದೇ, ಮಾಗಿಸಿದ್ದೇ?

ಪ್ರಶ್ನೆ: ಉಡುಪಿಯಲ್ಲಿ ಹಳೆ ಕೈಗಡಿಯಾರಗಳ ಮಾರಾಟ, ವಿನಿಮಯಕ್ಕಾಗಿ ಕನ್ನಡದಲ್ಲೇ ವಿವರಪಟ್ಟಿ ಬರೆಯುತ್ತಿದ್ದೇವೆ. ‘ಪ್ಯಾಟಿನಾ’ (ಕಾಲ ಕಳೆದಂತೆ ವಾಚಿಗೆ ಬರುವ ಹಳೆಬಣ್ಣ) ಎಂಬಲ್ಲಿಗೆ ಬಂದಾಗ ಕೈ ನಿಲ್ಲುತ್ತದೆ. ‘ಕಿಲುಬು’ ಎಂದರೆ ಕೊಳ್ಳುವವರು ಹಿಂಜರಿಯುತ್ತಾರೆ. ‘ಹಳೆಯ ಕಳೆ’ ಎಂದರೆ ಕೇಳಲು ಚೆನ್ನ, ಆದರೆ ಡಯಲಿನ ಕಲೆಯನ್ನೂ ಅದರೊಳಗೆ ಮುಚ್ಚಿಡಬಹುದು. ತಕ್ಕ ಪದ ಯಾವುದು? ‘ರೀಡಯಲ್’, ಅಂದರೆ ಹಳೆ ಡಯಲಿಗೆ ಹೊಸದಾಗಿ ಬಣ್ಣ ಬಳಿದು ಅಕ್ಷರ ಬರೆದದ್ದು, ಅದಕ್ಕೂ ಒಂದು ಬೇಕು.

ಉತ್ತರ: ‘ಮಾಗು’ ಸಾಕು. ‘ಮಾಗಿದ ಡಯಲ್’ ಎಂದು ಬರೆಯಿರಿ. ನಾಮಪದವೇ ಬೇಕಾದರೆ ‘ಮಾಗುಬಣ್ಣ’. ‘ವಿಂಟೇಜ್’ ಎಂಬ ಮಾತಿನ ಬೇರೂ ದ್ರಾಕ್ಷಿಯ ಕೊಯ್ಲಿನಲ್ಲಿದೆ, ಹಾಗಾಗಿ ಹಣ್ಣಿನ ಹೋಲಿಕೆ ಹೊರಗಿನಿಂದ ತಂದು ಅಂಟಿಸಿದಂತಾಗುವುದಿಲ್ಲ.

ಆದರೆ ಈ ಪದ ನನಗೆ ಸರಿಯೆನಿಸುವುದು ಅದರ ವ್ಯಾಕರಣಕ್ಕಾಗಿ. ಮಾಗುವುದು ತಾನಾಗಿ ಆಗುವಂಥದ್ದು, ಮಾಗಿಸುವುದು ಇನ್ನೊಬ್ಬರು ಮಾಡುವಂಥದ್ದು. ಮರದಲ್ಲೇ ಹಣ್ಣಾದ ಮಾವಿಗೂ ಕಾರ್ಬೈಡ್ ಹಾಕಿ ಮಾಗಿಸಿದ ಮಾವಿಗೂ ಇರುವ ವ್ಯತ್ಯಾಸವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಳೆ ವಾಚಿನ ಬೆಲೆ ನಿಂತಿರುವುದೂ ಈ ವ್ಯತ್ಯಾಸದ ಮೇಲೆಯೇ. ಒಲೆಯ ಶಾಖಕ್ಕೆ ಹಿಡಿದು ಕಂದಾಗಿಸಿದ ಡಯಲ್, ಚಹಾದ ಬಣ್ಣ ಕೊಟ್ಟ, ಕತ್ತಲಲ್ಲಿ ಹೊಳೆಯುವ ಚುಕ್ಕೆ, ಇವೆಲ್ಲ ‘ಮಾಗಿಸಿದ’ವು. ‘ರೀಡಯಲ್’ ಆದದ್ದಕ್ಕೆ ‘ಬರೆಸಿದ ಡಯಲ್’ ಎನ್ನಿ. ಅಂಗಡಿಯ ಬೋರ್ಡು ಬರೆಸುವುದು ನಮ್ಮಲ್ಲಿ ಇದ್ದದ್ದೇ. ವಾಚಿನ ಹೊರಕವಚ ಪಾಲಿಶ್ ಆಗಿದ್ದರೆ ‘ಉಜ್ಜಿಸಿದ ಕೇಸು’, ಹೊಸದು ಕೂರಿಸಿದ್ದು ‘ಬದಲಿಸಿದ ಮುಳ್ಳು’. ‘ಇಸು’ ಬಂದಲ್ಲೆಲ್ಲ ನಂತರದ ಕೈ ಸೇರಿದೆ, ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿ ನೋಡಬೇಕು ಎಂಬುದು ಓದುವವರಿಗೆ ಒಡನೆ ತಿಳಿಯುತ್ತದೆ.

ಮಂಗಳೂರಿನ ಅಡಿಕೆ ಮಾರುಕಟ್ಟೆಯಲ್ಲಿ ಈ ಎಚ್ಚರ ಮೊದಲೇ ಇದೆ. ಸಾಮಾನ್ಯವಾಗಿ ಹೊಸ ಅಡಿಕೆಗಿಂತ ಹಳೆ ಅಡಿಕೆಗೆ ಧಾರಣೆ ಹೆಚ್ಚು, ಅದಕ್ಕಿಂತಲೂ ಹಳೆಯದಾದ ಡಬ್ಬಲ್ ಚೋಲಿಗೆ ಇನ್ನೂ ಹೆಚ್ಚು. ಹಾಗೆಂದು ವರ್ಷ ಕಳೆದದ್ದೆಲ್ಲ ಆ ರಾಶಿಗೆ ಸೇರುವುದಿಲ್ಲ. ಪಟೋರ, ಕರಿಗೋಟು ಎಂಬ ಕೀಳು ದರ್ಜೆಗಳು ಬೇರೆಯೇ ಉಳಿಯುತ್ತವೆ. ವಾಚಿನ ದೋಷಗಳಿಗೂ ಅವುಗಳದೇ ಹೆಸರು ಇರಲಿ, ಎಲ್ಲವನ್ನೂ ಮಾಗುಬಣ್ಣದ ಕೆಳಗೆ ತರಬೇಡಿ. ‘ಕಿಲುಬು’ ಹಿತ್ತಾಳೆಯ ಹಸಿರಿಗೇ ಮೀಸಲು: ಕ್ರೋಮ್ ಲೇಪ ಸವೆದ ಕಡೆ ಬೆವರಿನ ಉಪ್ಪು ತಾಗಿ ಬರುವಂಥದ್ದು, ಬಿಟ್ಟರೆ ಲೋಹವನ್ನು ತಿನ್ನುತ್ತಲೇ ಹೋಗುತ್ತದೆ, ತೆಗೆಯಲೇಬೇಕು. ‘ತುಕ್ಕು’ ಉಕ್ಕಿಗೆ. ಕರಾವಳಿಯ ಮಳೆಗಾಲದಲ್ಲಿ ಅದು ಮೊದಲು ಕಾಣುವುದು ಕೀಯ ಕಡ್ಡಿಯಲ್ಲಿ, ಏಕೆಂದರೆ ತೇವ ಒಳಗೆ ನುಗ್ಗುವುದು ಹೆಚ್ಚಾಗಿ ಕೀ ಇರುವ ತೂತಿನಿಂದ. ಅಲ್ಲಿಂದ ಉದುರಿದ ಪುಡಿ ಹಲ್ಲುಗಾಲಿಗಳಿಗೆ ಸೇರಿ ಅಚ್ಚುಗಳನ್ನು ಸವೆಸುತ್ತದೆ. ಡಯಲಿನ ಮೇಲಿನ ‘ಬೂಷ್ಟು’ ಮತ್ತೊಂದು. ಈ ಮೂರೂ ಮಾಗಿದ್ದಲ್ಲ, ಕೆಟ್ಟದ್ದು.

ಹಾಗಾದರೆ ಮಾಗುವುದು ಯಾವುದು? ಡಯಲಿನ ಮೆರುಗೆಣ್ಣೆ ಬೆಳಕಿಗೆ ಹಳದಿಯಾಗುವುದು, ಕಪ್ಪು ಬಣ್ಣ ಸಮವಾಗಿ ಕಂದಾಗುವುದು (ಸಂಗ್ರಾಹಕರು ಇದನ್ನು ‘ಟ್ರಾಪಿಕಲ್’ ಎನ್ನುತ್ತಾರೆ), ಹೊಳೆಯುವ ಚುಕ್ಕೆಗಳು ಕೆನೆಬಣ್ಣದಿಂದ ಜೇನಿನ ಬಣ್ಣಕ್ಕೆ ತಿರುಗುವುದು. ಚುಕ್ಕೆಗಳ ವಿಷಯದಲ್ಲಿ ಪರೀಕ್ಷೆ ಸುಲಭ. ಅವುಗಳನ್ನು ಬೆಳಗಿಸುವ ವಿಕಿರಣ ವಸ್ತುವಾಗಿ 1960ರ ದಶಕದಿಂದ ರೇಡಿಯಂ ಹೋಗಿ ಟ್ರಿಟಿಯಂ ಬಂತು. ಸ್ವಿಸ್ ಡಯಲಿನಲ್ಲಿ 6ರ ಕೆಳಗೆ ‘ಟಿ ಸ್ವಿಸ್ ಟಿ’ ಎಂದಿದ್ದರೆ ಅದೇ. ಟ್ರಿಟಿಯಂನ ಅರ್ಧಾಯುಷ್ಯ (ಅರ್ಧದಷ್ಟು ಕರಗಲು ಹಿಡಿಯುವ ಕಾಲ) 12.3 ವರ್ಷ. 50 ವರ್ಷಕ್ಕೆ ಶೇ. 6ರಷ್ಟು ಮಾತ್ರ ಉಳಿಯುವುದರಿಂದ ಕತ್ತಲಲ್ಲಿ ಬೆಳಗಬಾರದು. ಟಾರ್ಚು ಹಿಡಿದು ಆರಿಸಿದ ಮೇಲೂ ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಬೆಳಗಿದರೆ ಬಣ್ಣ ಹೊಸದು. ಮುಳ್ಳಿನ ಬಣ್ಣ ಬಿಳಿ, ಡಯಲಿನ ಚುಕ್ಕೆ ಜೇನು ಎಂದಿದ್ದರೆ ಮುಳ್ಳು ಬದಲಿಸಿದ್ದು ಎಂದು ಅನುಮಾನಿಸಿ. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಹಾಗಾಗಿ ರೇಡಿಯಂ ಡಯಲಿನಲ್ಲಿ ಬೆಳಕು ನಿಂತಿರುವುದು ಜೊತೆಗಿದ್ದ, ಬೆಳಗುವ ಜಿಂಕ್ ಸಲ್ಫೈಡ್ ಸವೆದದ್ದರಿಂದಲೇ ಹೊರತು ವಿಕಿರಣ ನಿಂತದ್ದರಿಂದಲ್ಲ. ಆ ಬಣ್ಣವನ್ನು ಕೆರೆಯಬೇಡಿ, ಪುಡಿ ಉಸಿರಿಗೆ ಹೋಗಬಾರದು.

ಬರೆಸಿದ ಡಯಲ್ ಎಚ್‌ಎಂಟಿಯಲ್ಲೇ ಹೆಚ್ಚು ಸಿಗುತ್ತದೆ. ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ಜನತಾ, ಪೈಲಟ್ ವಾಚುಗಳಿಗೆ ಈಗ ಬೇಡಿಕೆ ಇದೆ, ಅದಕ್ಕೇ ಕಿತ್ತಳೆ, ಗಿಳಿಹಸಿರು ಎಂದು ಕಾರ್ಖಾನೆ ಎಂದೂ ಮಾಡದ ಬಣ್ಣಗಳೂ ಮಾರಾಟಕ್ಕಿವೆ. 10 ಪಟ್ಟಿನ ಮಸೂರದಲ್ಲಿ ನೋಡಿ: ಅಕ್ಷರದ ಅಂಚು ಹರಡಿದೆಯೇ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರವಾಗಿ ಕೂಡುತ್ತವೆಯೇ, ಗುರುತಿನ ಬುಡದಲ್ಲಿ ಬಣ್ಣ ಗಟ್ಟಿಕಟ್ಟಿದೆಯೇ.

ರಿಪೇರಿಗೆ ಕೊಡುವಾಗಲೂ ಪದ ಸ್ಪಷ್ಟವಾಗಿರಲಿ. ‘ಕ್ಲೀನ್ ಮಾಡಿ’ ಎಂಬ ಒಂದೇ ಮಾತಿಗೆ ಎಷ್ಟೋ ಡಯಲುಗಳು ಹೋಗಿವೆ. ಹಿತ್ತಾಳೆ ದೀಪವನ್ನು ಹುಣಸೆಹುಳಿ ಹಾಕಿ ಬೆಳಗುವ ನಮಗೆ ಹೊಳಪೇ ಚೊಕ್ಕಟ ಎನಿಸುವುದು ಸಹಜ. ಆದರೆ ಸ್ಪಿರಿಟ್ ಅಥವಾ ಒದ್ದೆ ಬಟ್ಟೆ ತಾಗಿದರೆ ಡಯಲಿನ ಮುದ್ರಣ ಎದ್ದುಬರುತ್ತದೆ. ಬಫಿಂಗ್ ಚಕ್ರಕ್ಕೆ ಹಿಡಿದರೆ ಪಟ್ಟಿ ಹಿಡಿಯುವ ಲಗ್ಗುಗಳ ಚೂಪು ಅಂಚು ಕರಗುತ್ತದೆ, ಆ ಲೋಹ ಮರಳಿ ಬರುವುದಿಲ್ಲ. ಚೀಟಿಯಲ್ಲಿ ಹೀಗೆ ಬರೆದುಕೊಡಿ: ‘ಯಂತ್ರ ಬಿಚ್ಚಿ ತೊಳೆದು ಎಣ್ಣೆ ಹಾಕಿ, ಡಯಲಿಗೆ ಗಾಳಿ ಮಾತ್ರ, ಕೇಸು ಉಜ್ಜಬೇಡಿ, ತೆಗೆದ ಹಳೆ ಬಿಡಿಭಾಗ ವಾಪಸ್ ಕೊಡಿ’. ಆ ಹಳೆ ಕೀ, ಹಳೆ ಗಾಜನ್ನು ಪೊಟ್ಟಣ ಕಟ್ಟಿ ವಾಚಿನ ಜೊತೆಗೇ ಇಡಬೇಕು.

ಹಿಂಬದಿಯ ಕೆತ್ತನೆಗೆ ‘ಕೆತ್ತಿಸಿದ್ದು’ ಎಂದರೆ ಸಾಕು. ಸಾಮಾನ್ಯವಾಗಿ ಅದು ಬೆಲೆ ಇಳಿಸುತ್ತದೆ, ಒಡೆಯರು ಯಾರೆಂಬುದಕ್ಕೆ ಸಾಕ್ಷಿಯಾದಾಗ ಏರಿಸುತ್ತದೆ: 2017ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 1 ಕೋಟಿ 77 ಲಕ್ಷ ಡಾಲರಿಗೆ ಹೋದ, ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾದ ಹಿಂಬದಿಯಲ್ಲಿ ಹೆಂಡತಿ ಕೆತ್ತಿಸಿದ ಸಾಲಿತ್ತು.

ನಿಮ್ಮ ಪಟ್ಟಿಗೆ ಒಂದು ಮಾದರಿ: ‘ಎಚ್‌ಎಂಟಿ ಜನತಾ, ಕೀ ಕೊಡುವ ವಾಚು, 17 ಜ್ಯುವೆಲ್. ಡಯಲ್ ಮಾಗಿದೆ, ಬರೆಸಿದ್ದಲ್ಲ. 4ರ ಬಳಿ ಬೂಷ್ಟಿನ ಚುಕ್ಕೆ ಒಂದು. ಲಗ್ಗಿನ ಒಳಬದಿಯ ಕಿಲುಬು ತೆಗೆಸಿದೆ, ಕೇಸು ಉಜ್ಜಿಸಿಲ್ಲ. ಕೀ ಬದಲಿಸಿದ್ದು, ಹಳೆಯದು ಪೊಟ್ಟಣದಲ್ಲಿದೆ.’