ಸ್ಕೋಪ್‌ನಲ್ಲಿ ಕಾಣೋ ಸ್ಪೈಕ್ ನಿಜವಾದದ್ದಾ, ಪ್ರೋಬ್ ತಂದದ್ದಾ?

ಪ್ರಶ್ನೆ (ಶಿಡ್ಲಘಟ್ಟ, ಬೋರ್ಡ್ ರಿಪೇರಿ ಅಂಗಡಿ): ಸರ್, ರೇಷ್ಮೆ ರೀಲಿಂಗ್ ಯೂನಿಟ್‌ನಿಂದ ಒಂದು ಕಂಟ್ರೋಲ್ ಬೋರ್ಡ್ ಬಂದಿದೆ. ಕೆಲಸ ಮಾಡ್ತಾ ಮಾಡ್ತಾ ತಾನಾಗೇ ರೀಸೆಟ್ ಆಗುತ್ತಂತೆ. ಅದರ 12 ವೋಲ್ಟ್ ಎಸ್‌ಎಂಪಿಎಸ್ (ಮೇನ್ಸ್ ಕರೆಂಟನ್ನು ಡಿಸಿ ಮಾಡಿ ಕೊಡೋ ಸ್ವಿಚಿಂಗ್ ಪವರ್ ಸಪ್ಲೈ) ಔಟ್‌ಪುಟ್‌ಗೆ ಸ್ಕೋಪ್ (ವೋಲ್ಟೇಜ್ ಏರಿಳಿತವನ್ನು ಗೆರೆಯಾಗಿ ತೋರಿಸೋ ಆಸಿಲೋಸ್ಕೋಪ್) ಇಟ್ಟರೆ 400 ಮಿಲಿವೋಲ್ಟ್ ಸ್ಪೈಕ್‌ಗಳು, ಅಂದ್ರೆ ಕ್ಷಣಕಾಲ ಏಳೋ ಚೂಪು ಏರಿಕೆಗಳು. ಔಟ್‌ಪುಟ್ ಕೆಪಾಸಿಟರ್ ಬದಲಾಯಿಸಿದೆ, ಹೋಗಲಿಲ್ಲ. ಹೊಸ ಸಪ್ಲೈ ತಂದು ಹಾಕಿದೆ, ಅದರಲ್ಲೂ ಅಷ್ಟೇ. ಮಲ್ಟಿಮೀಟರ್ ಮಾತ್ರ 12.1 ಅಂತ ಆರಾಮಾಗಿ ತೋರಿಸುತ್ತೆ. ಮುಂದೇನು ಮಾಡಲಿ?

ಉತ್ತರ (ತುಮಕೂರು, ಉಪಕರಣ ಸರ್ವಿಸ್ ಇಂಜಿನಿಯರ್): ಹಳೇದು, ಹೊಸದು ಎರಡರಲ್ಲೂ ಒಂದೇ ಥರ ಅಂದ್ರೆ ನಾನು ಮೊದಲು ಅನುಮಾನ ಪಡೋದು ಪ್ರೋಬ್ ಮೇಲೆ, ಅಂದ್ರೆ ಸ್ಕೋಪ್‌ನಿಂದ ಬರೋ ಅಳತೆ ಕಡ್ಡಿ ಮೇಲೆ. ಗ್ರೌಂಡ್ ಕ್ಲಿಪ್ ಸಪ್ಲೈ ನೆಗೆಟಿವ್‌ನಲ್ಲೇ ಇರಲಿ. ಪ್ರೋಬ್ ತುದಿಯನ್ನೂ ತಂದು ಅದೇ ಕ್ಲಿಪ್‌ಗೆ ಮುಟ್ಟಿಸಿ. ಎರಡೂ ಒಂದೇ ಜಾಗ ಅಲ್ವಾ, ಟ್ರೇಸ್ ನೆಟ್ಟಗೆ ಗೆರೆ ಎಳೆದ ಹಾಗಿರಬೇಕು. ಆಗಲೂ ಸ್ಪೈಕ್ ಬಂದರೆ ಅದು ಸಪ್ಲೈದಲ್ಲ, ನಿಮ್ಮ ಅಳತೆಯದು.

ಕಾರಣ ಆ ಕ್ಲಿಪ್‌ನ ಉದ್ದ ವೈರ್. ಸುಮಾರು 15 ಸೆಂಟಿಮೀಟರ್ ಇರುತ್ತೆ. ಪ್ರೋಬ್ ಜೊತೆ ಸೇರಿ ಅದೊಂದು ಲೂಪ್ ಆಗುತ್ತೆ, ಎಸ್‌ಎಂಪಿಎಸ್ ಟ್ರಾನ್ಸ್‌ಫಾರ್ಮರ್‌ನ ಅಯಸ್ಕಾಂತ ಕ್ಷೇತ್ರವನ್ನೆಲ್ಲ ಹಿಡಿಯುತ್ತೆ. ಸಾಲದ್ದಕ್ಕೆ ಆ ವೈರ್‌ನ ಇಂಡಕ್ಟೆನ್ಸ್ ಹೆಚ್ಚುಕಮ್ಮಿ 150 ನ್ಯಾನೋಹೆನ್ರಿ, ಪ್ರೋಬ್ ಕೆಪಾಸಿಟೆನ್ಸ್ 10-15 ಪಿಕೋಫ್ಯಾರಡ್. ಎರಡೂ ಸೇರಿ 100 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ರಿಂಗ್ ಆಗುತ್ತವೆ, ಗಂಟೆ ಬಾರಿಸಿದ ಹಾಗೆ ಅನುರಣಿಸುತ್ತವೆ. ಒಂದು ಸ್ಪೈಕನ್ನು ಹಿಗ್ಗಿಸಿ ನೋಡಿ, ಕುಗ್ಗುತ್ತಾ ಹೋಗುವ ಸಣ್ಣ ಅಲೆಗಳು ಕಂಡರೆ ಇದೇ.

ಹುಕ್ ಟೋಪಿ, ಕ್ಲಿಪ್ ಎರಡನ್ನೂ ಕಿತ್ತಿಡಿ. ಪ್ರೋಬ್ ಜೊತೆ ಬರೋ ಗ್ರೌಂಡ್ ಸ್ಪ್ರಿಂಗ್ ಹಾಕಿ. ಅದು ಕಳೆದುಹೋಗಿರುತ್ತೆ, ಎಲ್ಲರ ಅಂಗಡಿಯಲ್ಲೂ ಅದೇ ಕಥೆ! ಇಲ್ಲದಿದ್ದರೆ ರೆಸಿಸ್ಟರ್ ಕತ್ತರಿಸಿ ಉಳಿದ ಕಾಲನ್ನು ತುದಿ ಹತ್ತಿರದ ಲೋಹದ ಉಂಗುರಕ್ಕೆ ಸುತ್ತಿ, ನೇರವಾಗಿ ಔಟ್‌ಪುಟ್ ಕೆಪಾಸಿಟರ್‌ನ ಎರಡು ಕಾಲಿಗೆ ಒತ್ತಿ ಹಿಡಿಯಿರಿ. ಎಸಿ ಕಪ್ಲಿಂಗ್ (ಡಿಸಿ ಭಾಗ ಬಿಟ್ಟು ಏರಿಳಿತ ಮಾತ್ರ ತೋರಿಸೋದು) ಹಾಕಿ, 20 ಮೆಗಾಹರ್ಟ್ಜ್ ಬ್ಯಾಂಡ್‌ವಿಡ್ತ್ ಲಿಮಿಟ್ (ಅದಕ್ಕಿಂತ ವೇಗದ ಅಲೆಗಳನ್ನು ತಗ್ಗಿಸೋದು) ಆನ್ ಮಾಡಿ. ಎಸ್‌ಎಂಪಿಎಸ್ ಡೇಟಾಶೀಟ್‌ಗಳಲ್ಲಿ ರಿಪಲ್ (ಡಿಸಿ ಮೇಲೆ ಉಳಿಯೋ ಸಣ್ಣ ಏರಿಳಿತ) ಅಂಕಿ ಸಾಮಾನ್ಯವಾಗಿ ಕೊಡೋದೂ ಅದೇ ಲಿಮಿಟ್‌ನಲ್ಲಿ.

ಟ್ರೇಸ್ ಚೆನ್ನಾಗಿ ಕಾಣಲಿ ಅಂತ ಆವರೇಜ್ ಮೋಡ್ (ಹಲವು ಟ್ರೇಸ್‌ಗಳ ಸರಾಸರಿ ತೋರಿಸೋದು) ಮಾತ್ರ ಹಾಕಬೇಡಿ. ಹುಡುಕುತ್ತಿರೋ ಕಳ್ಳನೇ ಮಾಯ ಆಗ್ತಾನೆ.

ಇನ್ನೊಬ್ಬರು (ಗೌರಿಬಿದನೂರು): ಸ್ಕೋಪ್ ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ನಾಯ್ಸ್ ಕಡಿಮೆ ಆಗುತ್ತೆ ಅಂತಾರಲ್ಲ ಸರ್?

ಉತ್ತರ: ಬೇಡವೇ ಬೇಡ. ಪ್ರೋಬ್ ಕ್ಲಿಪ್, ಸ್ಕೋಪ್ ಬಾಡಿ ಎಲ್ಲ ಒಳಗೆ ಆ ಅರ್ಥ್‌ಗೇ ಸೇರಿರುತ್ತವೆ. ಪಿನ್ ಕಿತ್ತು, ಕ್ಲಿಪ್ಪನ್ನು ಎಸ್‌ಎಂಪಿಎಸ್‌ನ ಮೇನ್ಸ್ ಕಡೆಗೆ ಹಾಕಿದಿರೋ, ಇಡೀ ಸ್ಕೋಪ್‌ಗೆ ಕರೆಂಟ್ ಬರುತ್ತೆ. ಕೈ ಇಡೋದು ನಾಬ್ ಮೇಲೆ, ತಾಗೋದು ಪ್ರೋಬ್ ಸಿಕ್ಕಿಸೋ ಬಿಎನ್‌ಸಿ ಕನೆಕ್ಟರ್‌ನ ಲೋಹಕ್ಕೆ. 230 ವೋಲ್ಟ್ ರೆಕ್ಟಿಫೈ ಆದ ಮೇಲೆ ಎಸ್‌ಎಂಪಿಎಸ್‌ನ ಮೇನ್ಸ್ ಕಡೆ 325 ವೋಲ್ಟ್ ಡಿಸಿ ಕೂತಿರುತ್ತೆ. ಪಿನ್ ಇದ್ದು ಅದೇ ಜಾಗಕ್ಕೆ ಕ್ಲಿಪ್ ಹಾಕಿದರೆ ಢಂ ಅನ್ನುತ್ತೆ, ಟ್ರ್ಯಾಕ್ ಸುಡುತ್ತೆ. ಆ ಕಡೆ ನೋಡಲೇಬೇಕು ಅಂದ್ರೆ ಡಿಫರೆನ್ಷಿಯಲ್ ಪ್ರೋಬ್ ತಗೊಳ್ಳಿ. ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇದ್ದರೆ ಅದು ರಿಪೇರಿ ಬೋರ್ಡ್‌ಗೆ, ಸ್ಕೋಪ್‌ಗಲ್ಲ.

ಪ್ರಶ್ನೆ (ಶಿಡ್ಲಘಟ್ಟ): ಮಾಡಿದೆ ಸರ್. ತುದಿ ಕ್ಲಿಪ್‌ಗೆ ಮುಟ್ಟಿಸಿದಾಗಲೂ 300 ಮಿಲಿವೋಲ್ಟ್ ಬಂತು. ರೆಸಿಸ್ಟರ್ ಕಾಲು ಸುತ್ತಿ ಕೆಪಾಸಿಟರ್ ಮೇಲೆ ಹಿಡಿದರೆ ಉಳಿದದ್ದು ಬರೀ 35. ಆದರೆ ಯೂನಿಟ್‌ನಲ್ಲಿ ರೀಸೆಟ್ ಇನ್ನೂ ಆಗ್ತಾನೇ ಇದೆ.

ಉತ್ತರ: ಹಾಗಾದ್ರೆ ರಿಪಲ್ ಬಿಟ್ಟಾಕಿ. ನೀವು ಹಿಡಿಯಬೇಕಾದದ್ದು ಕ್ಷಣದಲ್ಲಿ ಬಿದ್ದು ಏಳೋ ವೋಲ್ಟೇಜ್. ಮೇಜಿನ ಮೇಲೆ ಅದು ಸಿಗಲ್ಲ, ಸ್ಕೋಪ್ ತಗೊಂಡು ಯೂನಿಟ್‌ಗೇ ಹೋಗಿ, ಅಲ್ಲಿನ ವೈರ್ ಸಮೇತ ನೋಡಿ. ಡಿಸಿ ಕಪ್ಲಿಂಗ್, ಫಾಲಿಂಗ್ ಎಡ್ಜ್, ಟ್ರಿಗರ್ ಲೆವೆಲ್ 10.5 ವೋಲ್ಟ್, ಸಿಂಗಲ್ ಒತ್ತಿ ಬಿಡಿ; ವೋಲ್ಟೇಜ್ 10.5ಕ್ಕಿಂತ ಕೆಳಗೆ ಇಳಿದ ಕ್ಷಣವನ್ನು ಸ್ಕೋಪ್ ಒಮ್ಮೆ ಹಿಡಿದು ನಿಲ್ಲುತ್ತೆ. ಚಾನೆಲ್ 1 ಸಪ್ಲೈ ಟರ್ಮಿನಲ್‌ಗೆ, ಚಾನೆಲ್ 2 ಬೋರ್ಡ್‌ನ 12 ವೋಲ್ಟ್ ಪಿನ್‌ಗೆ, ಟ್ರಿಗರ್ ಎರಡನೆಯದಕ್ಕೆ.

ಎರಡೂ ಕ್ಲಿಪ್ ಸಪ್ಲೈ ನೆಗೆಟಿವ್‌ಗೇ ಹಾಕಿ. ಒಂದನ್ನು ಬೋರ್ಡ್ ನೆಗೆಟಿವ್‌ಗೆ ಹಾಕಿದರೆ, ಕ್ಲಿಪ್‌ಗಳು ಸ್ಕೋಪ್ ಒಳಗೆ ಒಂದೇ ಆದ್ದರಿಂದ ನೆಗೆಟಿವ್ ವೈರ್‌ನ ದೋಷ ಮುಚ್ಚಿಹೋಗುತ್ತೆ. ಎರಡೂ ಬಿದ್ದರೆ ಸಪ್ಲೈಗೆ ಶಕ್ತಿ ಸಾಲದು. ಎರಡನೆಯದು ಮಾತ್ರ ಬಿದ್ದರೆ ಮಧ್ಯದ ಪಾಸಿಟಿವ್ ವೈರ್, ಕನೆಕ್ಟರ್, ಫ್ಯೂಸ್ ಹೋಲ್ಡರ್ ನೋಡಿ. ಗೂಡು ಬೇಯಿಸೋ ಹಬೆ ಇರೋ ಜಾಗದಲ್ಲಿ ಪಿನ್ ಹಾಳಾಗೋದು ಬೇಗ.

ಪ್ರಶ್ನೆ (ಶಿಡ್ಲಘಟ್ಟ): ಸಿಕ್ತು ಸರ್! ಸೊಲೆನಾಯ್ಡ್ ಎಳೆದ ಕೂಡಲೇ ಚಾನೆಲ್ 2 ಎಂಟು ವೋಲ್ಟ್‌ಗೆ ಬಿತ್ತು, ಚಾನೆಲ್ 1 ಅಲ್ಲಾಡಲಿಲ್ಲ. ಕನೆಕ್ಟರ್ ಬಿಚ್ಚಿದರೆ ಪಾಸಿಟಿವ್ ಪಿನ್ ಕಪ್ಪಾಗಿದೆ. ಎಮರಿ ಪೇಪರ್‌ನಲ್ಲಿ ಉಜ್ಜಿದರೆ ಸಾಕಾ?

ಉತ್ತರ: ಸಾಲದು. ಉಜ್ಜಿದರೆ ಲೇಪನ ಹೋಗುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಕಪ್ಪಾಗುತ್ತೆ. ಗಂಡು ಹೆಣ್ಣು ಎರಡೂ ಕನೆಕ್ಟರ್ ಹೊಸದು ಹಾಕಿ, ಕ್ರಿಂಪ್ ಸರಿಯಾಗಿ ಒತ್ತಿ. ಆಮೇಲೆ ಅದೇ ಟ್ರಿಗರ್ ಇಟ್ಟು ಒಂದು ಗಂಟೆ ಯೂನಿಟ್ ಓಡಿಸಿ, ಸ್ಕೋಪ್ ಪಾಡಿಗೆ ಸ್ಕೋಪ್ ಕಾಯ್ತಾ ಇರಲಿ.